ಮಳೆ ತರಿಸುವ ಡ್ರೋನ್ ಮಾರಲು ಬಂದವರ ಹತ್ತಿರ ಏನು ಕೇಳಬೇಕು?

ನಮ್ಮ ಪಾಂಡವಪುರದ ಕಡೆ ಮುಂಗಾರು ಕೈಕೊಟ್ಟರೆ ಮೋಡ ಬಿತ್ತನೆಯ, ಅಂದರೆ ಮೋಡಕ್ಕೆ ಉಪ್ಪಿನಂಥ ಪುಡಿ ಹಾಕಿ ಮಳೆ ತರಿಸುವ, ಮಾತು ಶುರುವಾಗುತ್ತದೆ. ಡೇರಿ ಮುಂದೆ ಯಾರಾದರೂ ‘ಸರ್ಕಾರದ ಲೈಸೆನ್ಸ್ ಇದೆ’ ಅಂತ ಡ್ರೋನ್ ಮಾರಲು ಬಂದರೆ ಮೊದಲು ಕಾಗದ ಕೇಳಿ. ಜಿಎಸ್‌ಟಿ ಸರ್ಟಿಫಿಕೇಟ್ ತೋರಿಸಿದರೆ ಒಪ್ಪಬೇಡಿ. ಅದು ತೆರಿಗೆ ನೋಂದಣಿ ಅಷ್ಟೇ, ಹಾರಿಸಲು ಪರವಾನಗಿ ಅಲ್ಲ.

2021ರ ಡ್ರೋನ್ ನಿಯಮದ ಪ್ರಕಾರ ಆ ಮಾದರಿಗೆ ಟೈಪ್ ಸರ್ಟಿಫಿಕೇಟ್ (ಆ ಮಾದರಿ ನಿಯಮಕ್ಕೆ ತಕ್ಕಂತಿದೆ ಎಂಬ ಪ್ರಮಾಣಪತ್ರ) ಬೇಕು, ಪ್ರತಿ ಡ್ರೋನ್‌ಗೂ ಯುಐಎನ್ (ಅದರದ್ದೇ ಆದ ನೋಂದಣಿ ಸಂಖ್ಯೆ) ಬೇಕು. ಯುಐಎನ್ ಆ ಯಂತ್ರದ ಸೀರಿಯಲ್ ನಂಬರಿಗೆ ಜೋಡಣೆಯಾಗಿರುತ್ತದೆ. ಹಾಗಾಗಿ ಡ್ರೋನ್ ತಿರುಗಿಸಿ, ಚೀಟಿಯಲ್ಲಿರುವ ನಂಬರನ್ನು ಕಾಗದದ ಜೊತೆ ಒಂದೊಂದೇ ಅಂಕಿ ತಾಳೆ ನೋಡಿ. ಬಿಲ್ಲಿನಲ್ಲೂ ಅದನ್ನೇ ಬರೆಸಿ.

ಇನ್ನೊಂದು ಮುಖ್ಯ ವಿಷಯ ಎತ್ತರ. ಹಸಿರು ವಲಯದಲ್ಲಿ (ಡ್ರೋನ್ ನಕ್ಷೆಯಲ್ಲಿ ನಿರ್ಬಂಧವಿಲ್ಲ ಎಂದು ಗುರುತಿಸಿದ ಜಾಗ) ಅನುಮತಿಯಿಲ್ಲದೆ ಹಾರಿಸಬಹುದಾದದ್ದು 400 ಅಡಿವರೆಗೆ ಮಾತ್ರ. ಮೈಸೂರಿನ ಮಂಡಕಳ್ಳಿ ವಿಮಾನ ನಿಲ್ದಾಣದ ಸುತ್ತ ಇನ್ನೂ ಬಿಗಿ. ಮಳೆ ಮೋಡ ಸಾಮಾನ್ಯವಾಗಿ ಅದಕ್ಕಿಂತ ಎಷ್ಟೋ ಮೇಲಿರುತ್ತದೆ, ಅಲ್ವಾ? 2017ರ ವರ್ಷಧಾರಿ ಎಂಬ ಮೋಡ ಬಿತ್ತನೆ ಯೋಜನೆಯಲ್ಲಿ ರಾಜ್ಯ ಸರ್ಕಾರ ವಿಮಾನವನ್ನೇ ಬಳಸಿತ್ತು. ಅದರಲ್ಲೂ ಮೋಡ ಮೊದಲೇ ಇರಬೇಕು, ಬರೀ ಆಕಾಶಕ್ಕೆ ಉಪ್ಪು ಹಾಕಿದರೆ ಮಳೆ ಬರಲ್ಲ.

ಕಾಗದದ ಜೆರಾಕ್ಸ್ ಕೊಡಲು ಹಿಂದೇಟು ಹಾಕುವವರಿಗೆ ಕಬ್ಬಿನ ದುಡ್ಡಲ್ಲಿ ಒಂದು ರೂಪಾಯಿ ಅಡ್ವಾನ್ಸ್ ಕೂಡ ಕೊಡಬೇಡಿ.