ರೂಪಾಯಿ ತಿಕ್ಕುವ ಮೊದಲು: ಹೊಸದಾಗಿ ನಾಣ್ಯ ಕೂಡಿಸುವವರಿಗೆ ಗ್ರೇಡ್ ಲೆಕ್ಕ

ನಾನು ರಾಯಚೂರಿನ ಸರಾಫ್ ಬಜಾರಿನಲ್ಲಿ ಪತ್ತಾರ ಕೆಲಸ ಮಾಡುವವನು. ಹಳೆ ಬೆಳ್ಳಿ ರೂಪಾಯಿ ನಮ್ಮ ಕೈಗೆ ಮೊದಲಿನಿಂದಲೂ ಎರಡು ಕಾರಣಕ್ಕೆ ಬರುತ್ತಿತ್ತು. ಒಂದು ಕರಗಿಸಲಿಕ್ಕೆ, ಇನ್ನೊಂದು ಕೊಂಡಿ ಬೆಸೆದು ಸರಕ್ಕೆ ಹಾಕಲಿಕ್ಕೆ. ಈಗ ಕಾಲೇಜು ಹುಡುಗರು ಅಜ್ಜಿಯ ಗಂಟಿನಿಂದ ಒಂದು ತೆಗೆದು ತಂದು, "ಪತ್ತಾರ್ರೇ, ಇದಕ್ಕ ಎಷ್ಟು ನಂಬರ್ ಬರ್ತದ್ರೀ?" ಅಂತ ಕೇಳುತ್ತಾರೆ. ಮೊಬೈಲಿನಲ್ಲಿ ಪ್ಲಾಸ್ಟಿಕ್ ಡಬ್ಬಿಯೊಳಗಿನ ರೂಪಾಯಿ ನೋಡಿರುತ್ತಾರೆ. ಅದರ ಮೇಲೆ ಎಂಎಸ್ 64 ಅಂತ ಬರೆದಿರುತ್ತದೆ, ಪಕ್ಕದಲ್ಲಿ ಕಣ್ಣು ಕುಕ್ಕುವ ಬೆಲೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಆ ನಂಬರಿಗೇ ಗ್ರೇಡ್ ಅನ್ನುವುದು, ನಾಣ್ಯ ಎಷ್ಟು ಸವೆದಿದೆ, ಮೈ ಹೇಗಿದೆ ಅಂತ ಹೇಳುವ ಅಂಕ. ಅದು 1ರಿಂದ 70ರವರೆಗೆ ಇರುತ್ತದೆ. ವಿಲಿಯಂ ಶೆಲ್ಡನ್ ಎಂಬ ಅಮೆರಿಕದವರು 1949ರಲ್ಲಿ ತಮ್ಮ ದೇಶದ ಹಳೆ ತಾಮ್ರದ ಸೆಂಟುಗಳಿಗಾಗಿ ಮಾಡಿದ ಲೆಕ್ಕ ಅದು. ಆಮೇಲೆ ಎಲ್ಲ ನಾಣ್ಯಗಳಿಗೂ ಹಬ್ಬಿತು. 4 ಅಂದರೆ ಗುಡ್. ಹೆಸರು ಕೇಳಿ ಖುಷಿಪಡಬೇಡಿ, ಅದು ಸವೆದು ನುಣ್ಣಗಾದ ನಾಣ್ಯ. 12ಕ್ಕೆ ಫೈನ್, 20ರಿಂದ 35 ವೆರಿ ಫೈನ್, 40 ಮತ್ತು 45 ಎಕ್ಸ್‌ಟ್ರೀಮ್ಲಿ ಫೈನ್. 50ರಿಂದ 58 ಎಯು (ಅಬೌಟ್ ಅನ್‌ಸರ್ಕ್ಯುಲೇಟೆಡ್), ಅಂದರೆ ಉಬ್ಬಿದ ಕಡೆ ಮಾತ್ರ ಸ್ವಲ್ಪ ಸವೆದದ್ದು. 60ರಿಂದ ಮೇಲೆ ಮಿಂಟ್ ಸ್ಟೇಟ್, ಅದೇ ಎಂಎಸ್, ಚಲಾವಣೆಯಲ್ಲಿ ಸವೆಯದೇ ಇದ್ದದ್ದು. 60ರ ನಾಣ್ಯಕ್ಕೂ ಟಂಕಸಾಲೆಯ ಚೀಲದಲ್ಲಿ ಒಂದಕ್ಕೊಂದು ಬಡಿದ ಗಾಯ ತುಂಬ ಇರಬಹುದು. ಹಾಗಾಗಿ ಒಳ್ಳೆಯ 58 ಒಂದು ಕೆಟ್ಟ 60ಕ್ಕಿಂತ ಚೆಂದ ಕಾಣುತ್ತದೆ. ನನಗಂತೂ 58 ಸಾಕು.

"ಇದು ಹಾಲ್‌ಮಾರ್ಕ್ ಇದ್ದಂಗಾ?" ಅಂತ ಕೇಳುವವರೂ ಇದ್ದಾರೆ. ಅಲ್ಲ. ಹಾಲ್‌ಮಾರ್ಕ್ ಚಿನ್ನದ ಶುದ್ಧತೆಯ ಅಳತೆ, ಯಾರು ಅಳೆದರೂ ಒಂದೇ ಬರಬೇಕು. ಗ್ರೇಡ್ ಅಂದರೆ ಪಳಗಿದ ಕಣ್ಣು ಕೊಟ್ಟ ಅಭಿಪ್ರಾಯ. ಅದೇ ನಾಣ್ಯವನ್ನು ಗ್ರೇಡ್ ಹಾಕುವ ಕಂಪನಿಗೆ ಮತ್ತೊಮ್ಮೆ ಕಳಿಸಿದರೆ ಒಂದೆರಡು ಅಂಕ ಹೆಚ್ಚುಕಮ್ಮಿ ಆಗಬಹುದು. ಬೆಳ್ಳಿ ಎಷ್ಟು ಒಳ್ಳೆಯದಿದ್ದರೂ ನಂಬರ್ ಏರುವುದಿಲ್ಲ. ನಂಬರ್ ಇರುವುದು ನಾಣ್ಯದ ಮೈಗೆ.

ಆ ಮೈ ನೋಡುವುದನ್ನೇ ಮೊದಲು ಕಲಿಯಬೇಕು. ಬೇಕಾಗುವ ಸಾಮಾನು ಕಡಿಮೆ: ಹತ್ತು ಪಟ್ಟು ದೊಡ್ಡದು ಮಾಡುವ ಒಂದು ಲೆನ್ಸ್, ಒಂದು ಟೇಬಲ್ ಲ್ಯಾಂಪ್, ಕೆಳಗೆ ಮೆತ್ತನೆ ಬಟ್ಟೆ, ಮಿಲಿಗ್ರಾಂ ಲೆಕ್ಕದಲ್ಲಿ ತೂಗುವ ಸಣ್ಣ ತಕ್ಕಡಿ. ಟ್ಯೂಬ್‌ಲೈಟ್ ಕೆಳಗೆ ಎಲ್ಲ ನಾಣ್ಯವೂ ಚೆಂದ, ಅದನ್ನು ಆರಿಸಿ. ನಾಣ್ಯವನ್ನು ಅಂಚಿನಲ್ಲಿ ಮಾತ್ರ ಹಿಡಿದು ಲ್ಯಾಂಪಿನ ಕೆಳಗೆ ನಿಧಾನಕ್ಕೆ ವಾಲಿಸಿ. ಮಿಂಟಿನ ಹೊಳಪು ಉಳಿದಿದ್ದರೆ ಬೆಳಕಿನ ಪಟ್ಟಿ ನಾಣ್ಯದ ಮೇಲೆ ಸುತ್ತುತ್ತದೆ. ತಿಕ್ಕಿದ ನಾಣ್ಯವೂ ಫಳಫಳ ಅನ್ನುತ್ತದೆ, ಆದರೆ ಆ ಬೆಳಕು ಸುತ್ತುವುದಿಲ್ಲ, ಸುಮ್ನೆ ಒಂದೇ ಸಮ ಹೊಳೆಯುತ್ತದೆ. ಈ ಒಂದು ವ್ಯತ್ಯಾಸ ಕಣ್ಣಿಗೆ ಕೂತರೆ ಅರ್ಧ ಕೆಲಸ ಮುಗಿಯಿತು.

ಕಲಿಯಲಿಕ್ಕೆ ಐದನೇ ಜಾರ್ಜನ ರೂಪಾಯಿ ತೆಗೆದುಕೊಳ್ಳಿ. 1916ರಿಂದ 1920ರವರೆಗಿನವು ಬೇಕಾದಷ್ಟು ಸಿಗುತ್ತವೆ. ಮೊದಲ ಮಹಾಯುದ್ಧದ ಹೊತ್ತಿಗೆ ಇಲ್ಲಿ ಬೆಳ್ಳಿಗೆ ಬರ ಬಂದಿತ್ತು. 1918ರಲ್ಲಿ ಅಮೆರಿಕ ತನ್ನ ಬೆಳ್ಳಿ ಡಾಲರುಗಳನ್ನು ಕೋಟಿಗಟ್ಟಲೆ ಕರಗಿಸಿ ಬೆಳ್ಳಿಯನ್ನು ಬ್ರಿಟಿಷರಿಗೆ ಮಾರಿತು, ಅದು ಇಲ್ಲಿನ ರೂಪಾಯಿಗೆ ಬಂತು. ನಿಮ್ಮ ಅಜ್ಜಿಯ ಸರದಲ್ಲಿ ಅಮೆರಿಕದ ಡಾಲರ್ ಇರಬಹುದು, ಯಾರಿಗೆ ಗೊತ್ತು. ಇರಲಿ. ರಾಜನ ಕಡೆ ಮೊದಲು ಸವೆಯುವುದು ಹುಬ್ಬು, ಮೀಸೆ, ಕಿವಿ, ಕಿರೀಟದ ಮೇಲ್ಭಾಗ. ಎದೆಯ ಮೇಲಿನ ನಿಲುವಂಗಿಯಲ್ಲಿ ಒಂದು ಪುಟ್ಟ ಆನೆ ಇದೆ. 1911ರ ನಾಣ್ಯದಲ್ಲಿ ಅದು ಹಂದಿಯಂತೆ ಕಂಡು ಗದ್ದಲವಾಗಿ, 1912ರಿಂದ ಚಿತ್ರವನ್ನೇ ತಿದ್ದಿದರು. ಆ ಆನೆಯ ಸೊಂಡಿಲು, ಕಾಲು ಬಿಡಿಬಿಡಿಯಾಗಿ ಕಂಡರೆ ನಾಣ್ಯ ಕಡಿಮೆ ಓಡಾಡಿದೆ ಅಂತ ಅರ್ಥ. ಬರೀ ಉಬ್ಬಾಗಿದ್ದರೆ ವೆರಿ ಫೈನ್ ಆಸುಪಾಸು ಅಂದುಕೊಳ್ಳಿ. ಅಂಗಡಿಯವರ ಬಾಯಿಯ ಗ್ರೇಡ್ ನಂಬಬೇಡಿ. ಮಾರುವಾಗ ಎಕ್ಸ್‌ಟ್ರೀಮ್ಲಿ ಫೈನ್ ಇದ್ದದ್ದು ವಾಪಸ್ ಕೊಳ್ಳುವಾಗ ವೆರಿ ಫೈನ್ ಆಗುತ್ತದೆ.

ತೂಕ ನೋಡುವುದು ನಮಗೆ ಸಲೀಸು. ಬ್ರಿಟಿಷರ ರೂಪಾಯಿ ಸರಿಯಾಗಿ ಒಂದು ತೊಲ, 180 ಗ್ರೇನ್, 11.66 ಗ್ರಾಂ. ಸವೆದದ್ದು ಸ್ವಲ್ಪ ಕಡಿಮೆ ಬರುತ್ತದೆ. ಮೀಸೆ ಎದ್ದು ಕಾಣುವ ನಾಣ್ಯ 11 ಗ್ರಾಂಗಿಂತ ಕೆಳಗೆ ಬಂದರೆ ಕೈಬಿಡಿ. ಅಯಸ್ಕಾಂತಕ್ಕೆ ಅಂಟಿದರೂ ಅಷ್ಟೇ. ಎರಕ ಹೊಯ್ದ ನಕಲಿಯಲ್ಲಿ ಸಣ್ಣ ಗುಳ್ಳೆ ಕಾಣುತ್ತವೆ, ಟಂಕಸಾಲೆಯಲ್ಲೇ ಅಂಚಿನ ಸುತ್ತ ಹಾಕುವ ಸಾಲುಗೀರುಗಳು ಮಬ್ಬಾಗಿರುತ್ತವೆ, ಕೆಲವೊಮ್ಮೆ ಅಂಚಿನ ಸುತ್ತ ಜೋಡಿಸಿದ ಗೆರೆ ಇರುತ್ತದೆ. 1939ರ ಬೆಳ್ಳಿ ರೂಪಾಯಿಯಂಥ ಅಪರೂಪದ ಇಸವಿ ಯಾರಾದರೂ ತೋರಿಸಿದರೆ ಲೆನ್ಸನ್ನು ನೇರ ಕೊನೇ ಅಂಕಿಯ ಮೇಲಿಡಿ. ಅಂಕಿ ತಿದ್ದುವವರು ಇಂಥ ಇಸವಿಯನ್ನೇ ಹುಡುಕುವುದು.

ಇನ್ನು ಗ್ರೇಡ್ ಹಾಳಾಗುವ ಬಗೆ. ಇದು ನನ್ನ ಕಸುಬಿಗೇ ಸೇರಿದ್ದು, ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ.

ನಮ್ಮ ಕಡೆ ದೀಪಾವಳಿ ಬಂತು ಅಂದರೆ ಲಕ್ಷ್ಮೀ ಪೂಜೆಗೆ ಇಡುವ ರೂಪಾಯಿಯನ್ನು ವಿಭೂತಿ ಹಚ್ಚಿ ತಿಕ್ಕುತ್ತಾರೆ. ಇಲ್ಲಾ ಹುಣಸೆಹಣ್ಣು. ನಾವು ಪತ್ತಾರರು ಅಂಟುವಾಳದ ನೀರಲ್ಲಿ ಬ್ರಷ್ ಹಾಕುತ್ತೇವೆ, ಗಿರಾಕಿ ಇನ್ನೂ ಹೊಳಪು ಕೇಳಿದರೆ ಬಫ್ ಮಷೀನಿಗೆ ಹಿಡಿಯುತ್ತೇವೆ. ಒಡವೆಗೆ ಇದೆಲ್ಲ ಸರಿ. ನಾಣ್ಯದ ಮೈ ಮಾತ್ರ ಇದರಿಂದ ಕಿತ್ತುಹೋಗುತ್ತದೆ, ಮತ್ತೆ ಬರುವುದಿಲ್ಲ. ವಿಭೂತಿ ತಿಕ್ಕಿದ್ದರೆ ಲೆನ್ಸಿನಲ್ಲಿ ಕೂದಲಿನಂಥ ಗೀರು ಒಂದೇ ದಿಕ್ಕಿಗೆ ಕಾಣುತ್ತವೆ. ಬಫ್ ಆಗಿದ್ದರೆ ಅಕ್ಷರಗಳ ಬುಡಕ್ಕೆ ಬೆಳ್ಳಿ ಒತ್ತಿಕೊಂಡಂತೆ ಇರುತ್ತದೆ. ಕಪ್ಪಾಗಿದೆ ಅಂತ ಚಿಂತೆ ಬೇಡ. ಗಾಳಿಯ ಗಂಧಕಕ್ಕೆ ಬೆಳ್ಳಿ ಕಪ್ಪಾಗುತ್ತದೆ, ತಿಳಿದವರು ಆ ಬಣ್ಣಕ್ಕೇ ಜಾಸ್ತಿ ದುಡ್ಡು ಕೊಡುವುದುಂಟು. ಎಣ್ಣೆ ಜಿಡ್ಡು ಅಂಟಿದ್ದರೆ ಶುದ್ಧ ಅಸಿಟೋನಿನಲ್ಲಿ ನೆನೆಹಾಕಿ ಎತ್ತಿ, ಉಜ್ಜಬೇಡಿ, ಒಲೆಯ ಹತ್ತಿರ ಮಾಡಬೇಡಿ.

ಕೊಂಡಿ ಕಿತ್ತ ನಾಣ್ಯ ಹುಡುಕುವುದು ಸುಲಭ. ಕೊಂಡಿಯನ್ನು ರಾಜನ ತಲೆ ಮೇಲೇ ಬೆಸೆಯುತ್ತೇವೆ, ಯಾಕೆಂದರೆ ಸರದಲ್ಲಿ ತಲೆ ನೆಟ್ಟಗೆ ನಿಲ್ಲಬೇಕು. ಹಾಗಾಗಿ ನಾಣ್ಯವನ್ನು ಅಡ್ಡ ಹಿಡಿದು ಕಿರೀಟದ ನೇರಕ್ಕೆ ಅಂಚು ನೋಡಿ. ಅಲ್ಲಿ ಸಾಲುಗೀರುಗಳು ಮಾಯವಾಗಿದ್ದರೆ, ಅರ ಹಾಕಿದಂತೆ ಚಪ್ಪಟೆಯಾಗಿದ್ದರೆ, ಬಣ್ಣ ಬೇರೆ ಇದ್ದರೆ ಬೆಸುಗೆ ಕಂಡ ನಾಣ್ಯ. ಒರೆಗಲ್ಲಿಗೆ ಹಚ್ಚಿದ ಗುರುತು, ಸರಾಫರು ಉಳಿಯಿಂದ ಕೊಟ್ಟ ಏಟು ಇವೂ ಅಂಚಿನ ಹತ್ತಿರವೇ ಸಿಗುತ್ತವೆ. ಇಂಥವಕ್ಕೂ ತಿಕ್ಕಿದ್ದಕ್ಕೂ ಗ್ರೇಡಿಂಗ್ ಕಂಪನಿ ನಂಬರ್ ಕೊಡುವುದಿಲ್ಲ. ತಿಕ್ಕಿದ್ದಾದರೆ "ಎಯು ಡೀಟೇಲ್ಸ್, ಕ್ಲೀನ್ಡ್" ಅಂತ ಬರೆದು ಕೊಡುತ್ತದೆ, ಅಂದರೆ ಸವೆತ ಎಯು ಮಟ್ಟದ್ದು, ಆದರೆ ಮೈ ಕೆಟ್ಟಿದೆ. ಡೀಟೇಲ್ಸ್ ಎಂಬ ಪದ ಕಂಡರೆ ಬೆಲೆ ಬಹಳ ಇಳಿಯುತ್ತದೆ. ಮಾರುವವರು ಫೋಟೋ ಹಾಕುವಾಗ ಆ ಪದದ ಮೇಲೆ ಬೆರಳು ಇಟ್ಟಿರುತ್ತಾರೆ, ನೋಡಿಕೊಳ್ಳಿ.

ಬಳ್ಳಾರಿ ಕಡೆಯ ಬೀಗರ ಗಂಟಿನಲ್ಲಿ ಬ್ರಿಟಿಷರ ಕಲ್ದಾರ್ ರೂಪಾಯಿ ಇದ್ದರೆ, ರಾಯಚೂರು ಕೊಪ್ಪಳದ ಮನೆಗಳಲ್ಲಿ ನಿಜಾಮರ ಹಾಲಿ ಸಿಕ್ಕಾನೂ ಇರುತ್ತದೆ. ಅದು ಚಾರ್‌ಮಿನಾರ್ ಚಿತ್ರದ್ದು. ತೂಕ ಸುಮಾರು 11.18 ಗ್ರಾಂ, ಬೆಳ್ಳಿಯೂ ಕಲ್ದಾರಿಗಿಂತ ಕಡಿಮೆ, ಶೇಕಡ 81.8. ಏಳು ಹಾಲಿಗೆ ಆರು ಕಲ್ದಾರ್ ಅಂತ ಹಿರಿಯರ ಲೆಕ್ಕ. ತೂಕ ಕಡಿಮೆ ಬಂತು ಅಂತ ಇದನ್ನು ನಕಲಿ ಅನ್ನಬೇಡಿ. ಚಾರ್‌ಮಿನಾರ್ ಬಾಗಿಲೊಳಗೆ ಅರಬ್ಬಿ ಲಿಪಿಯ ಒಂದು ಅಕ್ಷರ ಇರುತ್ತದೆ, ಮಹಬೂಬ್ ಅಲಿ ಖಾನರದ್ದಕ್ಕೆ ಮೀಮ್, ಉಸ್ಮಾನ್ ಅಲಿ ಖಾನರದ್ದಕ್ಕೆ ಐನ್. ಗ್ರೇಡ್ ನೋಡುವಾಗ ಮಿನಾರುಗಳ ಜೊತೆಗೆ ಆ ಅಕ್ಷರವನ್ನೂ ನೋಡಿ. ಇಸವಿ ಹಿಜರಿಯಲ್ಲಿರುತ್ತದೆ. ಅದನ್ನು 0.97ರಿಂದ ಗುಣಿಸಿ 622 ಕೂಡಿಸಿದರೆ ನಮ್ಮ ಇಸವಿ ಹತ್ತಿರ ಹತ್ತಿರ ಬರುತ್ತದೆ. 1337 ಅಂದರೆ 1918–19.

ವಿಜಯನಗರದ ವರಹಕ್ಕೆ 70ರ ಲೆಕ್ಕ ಅಷ್ಟು ಸರಿಯಾಗಿ ಕೂರುವುದಿಲ್ಲ. ಅವು ಕೈಯಿಂದ ಹೊಡೆದ ನಾಣ್ಯ. ಅಚ್ಚು ದೊಡ್ಡದು, ಚಿನ್ನದ ಬಿಲ್ಲೆ ಸಣ್ಣದು, ಹಾಗಾಗಿ ಕೃಷ್ಣದೇವರಾಯನ ಬಾಲಕೃಷ್ಣ ವರಹದಲ್ಲಿ ಅರ್ಧ ಅಕ್ಷರ ಹೊರಗೇ ಉಳಿದಿರಬಹುದು. ಅದು ಸವೆತ ಅಲ್ಲ. ಚಿತ್ರ ನಡುವೆ ಕೂತಿದೆಯಾ, ನಾಗರಿ ಅಕ್ಷರ ಎಷ್ಟು ಓದಲಿಕ್ಕೆ ಬರುತ್ತದೆ, ತೂಕ 3.4 ಗ್ರಾಂ ಸುತ್ತಮುತ್ತ ಇದೆಯಾ, ಇದನ್ನು ನೋಡಬೇಕು. ಅಸಲಿ ಹೇಗಿರುತ್ತದೆ ಅಂತ ತಿಳಿಯಲಿಕ್ಕೆ ಹಂಪಿ ಹತ್ತಿರದ ಕಮಲಾಪುರದ ಪುರಾತತ್ವ ಮ್ಯೂಸಿಯಂಗೆ ಹೋಗಿ ಬನ್ನಿ. ಹೊಲದಲ್ಲಿ ಸಿಕ್ಕಿತು ಅಂತ ಯಾರಾದರೂ ಮೆಲ್ಲಗೆ ತೋರಿಸಿದರೆ ಮುಟ್ಟಬೇಡಿ. ಅಸಲಿಯಾದರೆ ನಿಧಿ ಕಾಯ್ದೆ ಪ್ರಕಾರ ಸರ್ಕಾರಕ್ಕೆ ತಿಳಿಸಬೇಕಾದದ್ದು, ನಕಲಿಯಾದರೆ ಹಿತ್ತಾಳೆ. ಈಸ್ಟ್ ಇಂಡಿಯಾ ಕಂಪನಿ 1818 ಅಂತ ಬರೆದ ಹನುಮಂತನ ನಾಣ್ಯವನ್ನೂ ಕೊಳ್ಳಬೇಡಿ, ಕಂಪನಿ ಅಂಥದ್ದನ್ನು ಹೊರಡಿಸಿಯೇ ಇಲ್ಲ.

ಈಗ ಸರ್ಟಿಫಿಕೇಟು. ಜಗತ್ತಿನಲ್ಲಿ ಹೆಚ್ಚು ನಡೆಯುವುದು ಅಮೆರಿಕದ ಎರಡು ಕಂಪನಿಯದು, ಪಿಸಿಜಿಎಸ್ ಮತ್ತು ಎನ್‌ಜಿಸಿ. ಎರಡೂ 1980ರ ದಶಕದಲ್ಲಿ ಶುರುವಾದವು. ನಾಣ್ಯ ಅಸಲಿಯಾ ಅಂತ ನೋಡಿ, ಒಬ್ಬರಿಗಿಂತ ಹೆಚ್ಚು ಜನ ಗ್ರೇಡ್ ಹಾಕಿ, ಬಿಚ್ಚಿದರೆ ಗೊತ್ತಾಗುವಂಥ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸೀಲ್ ಮಾಡುತ್ತಾರೆ. ಅದಕ್ಕೇ ಸ್ಲ್ಯಾಬ್ ಅನ್ನುವುದು. ಮೇಲಿರುವ ಸರ್ಟಿಫಿಕೇಟ್ ನಂಬರನ್ನು (ಗ್ರೇಡ್ ಅಲ್ಲ) ಕಂಪನಿಯ ವೆಬ್‌ಸೈಟಿನಲ್ಲಿ ಹಾಕಿದರೆ ವಿವರ ಬರುತ್ತದೆ. ಇಲ್ಲಿಗೇ ನಿಲ್ಲಿಸಬೇಡಿ. ನಕಲಿ ಸ್ಲ್ಯಾಬ್ ಮಾಡುವವರು ಅಸಲಿ ನಂಬರನ್ನೇ ಹಾಕಿರುತ್ತಾರೆ. ಅಲ್ಲಿ ಫೋಟೋ ಇದ್ದರೆ ಕಲೆ, ಗೀರು, ಕಪ್ಪು ಬಣ್ಣದ ಅಂಚು ಒಂದೊಂದನ್ನೂ ನಿಮ್ಮ ಕೈಲಿರುವುದಕ್ಕೆ ಹೋಲಿಸಿ.

ನಾಣ್ಯ ಕಳಿಸುವ ಮೊದಲು ಕಾಯ್ದೆ ನೋಡಿ. 1972ರ ಪುರಾತನ ವಸ್ತುಗಳ ಕಾಯ್ದೆ ಪ್ರಕಾರ ನೂರು ವರ್ಷ ದಾಟಿದ ನಾಣ್ಯವೂ ಪುರಾತನ ವಸ್ತು. ಅದನ್ನು ನಾವು ನೀವು ಹೊರದೇಶಕ್ಕೆ ಕಳಿಸುವಂತಿಲ್ಲ. ವಿಕ್ಟೋರಿಯಾ, ಎಡ್ವರ್ಡ್ ಕಾಲದ್ದೆಲ್ಲ ಈ ಲೆಕ್ಕಕ್ಕೆ ಬಂತು, ಕಳಿಸುವ ಹಾಗಿಲ್ಲ. ಐದನೇ ಜಾರ್ಜನ ಬೆಳ್ಳಿ ರೂಪಾಯಿ 1922ಕ್ಕೇ ನಿಂತುಹೋಗಿತ್ತು, ಹಾಗಾಗಿ ಅದೂ ಈ ಲೆಕ್ಕಕ್ಕೇ ಬಂತು. "ನಾವು ಕಳಿಸಿ ಗ್ರೇಡ್ ಮಾಡಿಸಿ ಕೊಡ್ತೀವಿ" ಅನ್ನುವ ಏಜೆಂಟಿಗೆ ನಾಣ್ಯ ಎಲ್ಲಿಗೆ ಹೋಗುತ್ತದೆ, ಯಾವ ಪರವಾನಗಿ ಮೇಲೆ ಅಂತ ಬರಹದಲ್ಲಿ ಕೇಳಿ. ಕಾಯ್ದೆಗೆ ಸಿಕ್ಕದ ನಾಣ್ಯವಾದರೂ ಫೀಸು, ಕೊರಿಯರ್, ಇನ್ಶೂರೆನ್ಸ್ ಕೂಡಿಸಿ ನೋಡಿ. ಸಾಧಾರಣ ವೆರಿ ಫೈನ್ ರೂಪಾಯಿಗೆ ಆ ಖರ್ಚು ಹುಟ್ಟುವುದಿಲ್ಲ.

ನನ್ನನ್ನು ಕೇಳಿದರೆ, ಹೊಸಬರು ಮನೆಯ ನಾಣ್ಯಕ್ಕೆ ಸರ್ಟಿಫಿಕೇಟ್ ಮಾಡಿಸುವುದಕ್ಕಿಂತ, ಇಲ್ಲೇ ಮಾರಾಟಕ್ಕಿರುವ ಒಂದು ಸ್ಲ್ಯಾಬ್ ನಾಣ್ಯ ಕೊಳ್ಳುವುದು ಲೇಸು. ಐದನೇ ಜಾರ್ಜನದೇ ಇರಲಿ, ಎಯು 55 ಅಥವಾ 58. ಬಿಲ್ ತೆಗೆದುಕೊಳ್ಳಿ. ಅದನ್ನು ಲ್ಯಾಂಪಿನ ಕೆಳಗೆ ಇಟ್ಟು, ಪಕ್ಕದಲ್ಲಿ ಮನೆಯ ರೂಪಾಯಿ ಇಟ್ಟು, ಹುಬ್ಬಿಗೆ ಹುಬ್ಬು, ಆನೆಗೆ ಆನೆ ಹೋಲಿಸುತ್ತ ಹೋಗಿ. ಯಾವ ಪುಸ್ತಕವೂ ಇಷ್ಟು ಬೇಗ ಕಲಿಸುವುದಿಲ್ಲ.

ಇಡುವ ವಿಷಯ ಚಿಕ್ಕದು. ಪಿವಿಸಿ ಪ್ಲಾಸ್ಟಿಕ್ ಪಾಕೀಟು ಬೇಡ, ಹಸಿರು ಅಂಟು ಬಿಡುತ್ತದೆ. ಮೈಲಾರ್ ಎಂಬ ಪಾರದರ್ಶಕ ಹಾಳೆಯ ಕಿಟಕಿ ಇರುವ ರಟ್ಟಿನ ಹೋಲ್ಡರ್ ಸಾಕು, ಡಬ್ಬಿಯಲ್ಲಿ ತೇವ ಹೀರುವ ಒಂದು ಸಿಲಿಕಾ ಜೆಲ್ ಚೀಟಿ ಹಾಕಿ. ನಾಣ್ಯ ಒಳಗಿಡುವ ಮೊದಲೇ ರಟ್ಟಿನ ಮೇಲೆ ಇಸವಿ, ತೂಕ, ಯಾರಿಂದ ಬಂತು ಅಂತ ಪೆನ್ನಲ್ಲಿ ಬರೆಯಿರಿ. ನಿಮ್ಮ ಗ್ರೇಡನ್ನು ಮಾತ್ರ ಪೆನ್ಸಿಲಿನಲ್ಲಿ ಬರೆಯಿರಿ, ಮುಂದೆ ನೀವೇ ಅದನ್ನು ತಿದ್ದುತ್ತೀರಿ.