ಪ್ರಶಿಕ್ಷಣಾರ್ಥಿಯು ತನ್ನ ಶಿಕ್ಷಣ ತತ್ತ್ವವನ್ನು ಬರೆದು ತಿದ್ದಿಕೊಳ್ಳುವ ಬಗೆ

ಶಿಕ್ಷಕರ ತರಬೇತಿಯ ಬಿ.ಇಡ್. ಅಥವಾ ಡಿ.ಎಲ್.ಇಡ್. ಕೋರ್ಸಿಗೆ ಸೇರಿದ ಹೊಸತರಲ್ಲಿ ಪ್ರಶಿಕ್ಷಣಾರ್ಥಿಗಳಿಂದ ‘ನನ್ನ ಶಿಕ್ಷಣ ತತ್ತ್ವ’ ಎಂಬ ಒಂದೆರಡು ಪುಟಗಳ ಬರಹವನ್ನು ಬರೆಸುವ ರೂಢಿಯುಂಟು. ಚಿಕ್ಕಬಳ್ಳಾಪುರ, ಕೋಲಾರದ ಕಡೆ ಅದನ್ನು ಬರೆಯುವವರು ವಿವೇಕಾನಂದರ ಒಂದು ಮಾತು, ಗಾಂಧೀಜಿಯವರ ಒಂದು ಮಾತು, ಊರಿನ ಅಭಿಮಾನಕ್ಕೆಂದು ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿದ ಶಿಕ್ಷಣ ತಜ್ಞ, ವಿಚಾರವಾದಿ ಎಚ್. ನರಸಿಂಹಯ್ಯನವರ ಹೆಸರು, ಇಷ್ಟನ್ನು ಸೇರಿಸಿ ‘ಮಗುವೇ ಶಿಕ್ಷಣದ ಕೇಂದ್ರ’ ಎಂದು ಮುಗಿಸುವುದೇ ಹೆಚ್ಚು. ಆ ಹಾಳೆ ಫೈಲಿಗೆ ಸೇರಿ ಅಂಕ ಪಡೆದು ಬೀರುವಿನಲ್ಲಿ ಕೂರುತ್ತದೆ. ಅದನ್ನು ಬರೆದವರೇ ಇಂಟರ್ನ್‌ಶಿಪ್ ಮುಗಿಸಿ ಬಂದ ಮೇಲೆ ‘ಭಯವಿಲ್ಲದಿದ್ದರೆ ಮಕ್ಕಳು ಪಾಠ ಕೇಳುವುದಿಲ್ಲ’ ಎಂದು ಸ್ಟಾಫ್ ರೂಮಿನಲ್ಲಿ ಹೇಳುವುದುಂಟು. ನಡುವೆ ಯಾವುದೋ ಬದಲಾವಣೆ ಆಗಿದೆ. ಆದರೆ ಅದು ಯಾವಾಗ ಆಯಿತು, ಯಾವ ಮಗುವಿನ ಎದುರು ಆಯಿತು, ತಿಳಿವಳಿಕೆ ಹೆಚ್ಚಿ ಆಯಿತೋ ದಣಿವಿನಿಂದ ಆಯಿತೋ ಎಂಬುದಕ್ಕೆ ಒಂದು ಸಾಲಿನ ದಾಖಲೆಯೂ ಉಳಿದಿರುವುದಿಲ್ಲ. ಆ ದಾಖಲೆಯನ್ನು ಇಟ್ಟುಕೊಳ್ಳುವುದು ಹೇಗೆ, ಅದರ ಆಧಾರದ ಮೇಲೆ ತತ್ತ್ವವನ್ನು ತಿದ್ದುವುದು ಹೇಗೆ ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಮೊದಲ ಬರಹ

ಮೊದಲನೆಯದಾಗಿ, ಕಾಲೇಜಿಗೆ ಒಪ್ಪಿಸುವ ಫೈಲಿನಿಂದ ಬೇರೆಯಾದ ಒಂದು ನೋಟ್‌ಬುಕ್ ಇರಬೇಕು. 2014ರ ಎನ್‌ಸಿಟಿಇ (ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತು) ನಿಯಮಾವಳಿಯ ನಂತರ ಎರಡು ವರ್ಷಗಳಾದ ಬಿ.ಇಡ್. ಕೋರ್ಸಿನಲ್ಲಿ ‘ಸ್ವಯಂ ಅರಿವು’ ಎಂಬುದೂ ಒಂದು ಭಾಗವಾಗಿದ್ದು, ಅದಕ್ಕಾಗಿ ಬರೆದುದನ್ನೇ ಇಲ್ಲಿಗೂ ಬಳಸಿಕೊಳ್ಳಬಹುದೆಂದು ತೋರುವುದು ಸಹಜ. ಆದರೆ ಅಂಕಕ್ಕಾಗಿ ಬರೆದದ್ದರಲ್ಲಿ ಯಾರೂ ‘ಏಳನೇ ತರಗತಿಯ ಹಿಂದಿನ ಬೆಂಚಿನವರನ್ನು ಕಂಡರೆ ನನಗೆ ಹೆದರಿಕೆ’ ಎಂದು ಬರೆಯುವುದಿಲ್ಲ. ಹಿರಿಯರ ರೆಕಾರ್ಡ್ ನೋಡಿ ನಕಲು ಮಾಡುವ ನಮ್ಮ ಕಾಲೇಜುಗಳ ಹಳೆಯ ಸಂಪ್ರದಾಯದ ಬಗ್ಗೆ ಇಲ್ಲಿ ಹೆಚ್ಚು ಹೇಳದಿರುವುದೇ ಲೇಸು.

ಮೊದಲ ಬರಹದಲ್ಲಿ ಮಹನೀಯರ ಮಾತುಗಳನ್ನು ಪೂರ್ತಿ ಬಿಟ್ಟುಬಿಡಿ. ಅದರ ಬದಲು ನೀವು ಓದಿದ ಶಾಲೆಯಿಂದ ಆರಂಭಿಸಿ. ಅಮೆರಿಕದ ಸಮಾಜಶಾಸ್ತ್ರಜ್ಞ ಡ್ಯಾನ್ ಲಾರ್ಟಿ 1975ರಲ್ಲಿ ತೋರಿಸಿಕೊಟ್ಟ ಒಂದು ಸಂಗತಿ ಇಲ್ಲಿ ಬಹಳ ಉಪಯುಕ್ತವಾಗಿದೆ: ಬೇರೆ ವೃತ್ತಿಗಳಂತಲ್ಲದೆ, ಶಿಕ್ಷಕರಾಗುವವರು ತರಬೇತಿಗೆ ಬರುವ ಮೊದಲೇ ಸಾವಿರಾರು ಗಂಟೆಗಳ ಕಾಲ ವಿದ್ಯಾರ್ಥಿಗಳಾಗಿ ಕುಳಿತು ಆ ವೃತ್ತಿಯನ್ನು ನೋಡಿರುತ್ತಾರೆ, ಆದರೆ ಅವರು ಕಂಡಿರುವುದು ಶಿಕ್ಷಕರ ನಡವಳಿಕೆಯನ್ನೇ ಹೊರತು ಅದರ ಹಿಂದಿನ ಯೋಚನೆಯನ್ನಲ್ಲ. ಆದ್ದರಿಂದ ನಿಮ್ಮ ಮೆಚ್ಚಿನ ಶಿಕ್ಷಕರೊಬ್ಬರು ಹಾಗೂ ನೀವು ಹೆದರುತ್ತಿದ್ದ ಶಿಕ್ಷಕರೊಬ್ಬರು, ಇಬ್ಬರೂ ನಿಮ್ಮೊಳಗೆ ಈಗಾಗಲೇ ಪಾಠ ಮಾಡುತ್ತಿರುತ್ತಾರೆ ಎಂದುಕೊಂಡು, ಅವರು ಮಾಡುತ್ತಿದ್ದ ನಾಲ್ಕೈದು ಕೆಲಸಗಳನ್ನು ಬರೆಯಿರಿ. ‘ಒಳ್ಳೆಯವರು’ ಎಂಬಂಥ ಗುಣವಾಚಕ ಬೇಡ. ‘ತಪ್ಪು ಉತ್ತರ ಕೊಟ್ಟವನನ್ನೇ ಕಪ್ಪು ಹಲಗೆಯ ಬಳಿಗೆ ಕರೆದು ಲೆಕ್ಕವನ್ನು ಮತ್ತೆ ಮಾಡಿಸುತ್ತಿದ್ದರು’ ಎಂಬಂಥ ವಾಕ್ಯ ಬೇಕು.

ಅನಂತರ ನಿಮ್ಮ ನಂಬಿಕೆಗಳನ್ನು ತರಗತಿಯ ತೀರ್ಮಾನಗಳ ರೂಪದಲ್ಲಿ ಬರೆಯಿರಿ. ‘ಪ್ರತಿ ಮಗುವೂ ವಿಶಿಷ್ಟ’ ಎಂಬ ಸಾಲನ್ನು ಯಾವ ಅನುಭವವೂ ಸುಳ್ಳಾಗಿಸಲಾರದು, ಆದ್ದರಿಂದ ಅದನ್ನು ತಿದ್ದಲೂ ಆಗದು. ‘ಟೊಮೆಟೊ ಕೀಳುವ ಕೆಲಸಕ್ಕೆ ಹೋಗಿ ನಾಲ್ಕು ದಿನ ತಪ್ಪಿಸಿಕೊಂಡ ಮಗು ಬಂದಾಗ, ಕಾರಣ ಕೇಳುವ ಮೊದಲು ಅದಕ್ಕೆ ತಪ್ಪಿಹೋದ ಪಾಠವನ್ನು ಹೇಳಿಕೊಡುತ್ತೇನೆ’ ಎಂಬುದನ್ನು ತಿದ್ದಬಹುದು, ಏಕೆಂದರೆ ನೀವು ಹಾಗೆ ಮಾಡಿದಿರೋ ಇಲ್ಲವೋ ಎಂಬುದು ಗೊತ್ತಾಗುತ್ತದೆ. ಹೋಂವರ್ಕ್ ಮಾಡದ ಮಗು, ಉತ್ತರ ಗೊತ್ತಿದ್ದರೂ ಬಾಯಿ ಬಿಡದ ಮಗು, ಮನೆಯಲ್ಲಿ ಬೇರೆ ಭಾಷೆ ಆಡುವ ಮಗು, ಪಾಠದ ನಡುವೆ ಸಂಬಂಧವಿಲ್ಲದ ಪ್ರಶ್ನೆ ಕೇಳುವ ಮಗು, ಇವರೆದುರು ನೀವೇನು ಮಾಡುತ್ತೀರಿ ಎಂಬುದಕ್ಕೆ ಒಂದೊಂದು ವಾಕ್ಯವಿದ್ದರೆ ಮೊದಲ ಬರಹಕ್ಕೆ ಸಾಕು. ಕೆಳಗೆ ತಾರೀಖು ಹಾಕಿ.

ಇಂಟರ್ನ್‌ಶಿಪ್‌ನ ದಿನಚರಿ

ಬಿ.ಇಡ್.ನಲ್ಲಿ ಶಾಲಾ ಇಂಟರ್ನ್‌ಶಿಪ್ ಒಟ್ಟು 20 ವಾರಗಳದ್ದು. ಮೊದಲ ವರ್ಷ 4 ವಾರ, ಎರಡನೆಯ ವರ್ಷ 16 ವಾರ. ತತ್ತ್ವ ನಿಜವಾಗಿ ಅಲುಗಾಡುವುದು ಈ ಅವಧಿಯಲ್ಲಿಯೇ. ದಿನವೂ ಪುಟಗಟ್ಟಲೆ ಬರೆಯುವ ಸಂಕಲ್ಪ ಮೊದಲ ವಾರವನ್ನೂ ದಾಟುವುದಿಲ್ಲ. ಪಾಠಯೋಜನೆ, ಬೋಧನೋಪಕರಣ, ಅವಲೋಕನ ಪುಸ್ತಕ ಇವುಗಳ ನಡುವೆ ಅದಕ್ಕೆ ಸಮಯವೂ ಇಲ್ಲ. ದಿನಕ್ಕೆ ಒಂದೇ ಒಂದು ತೀರ್ಮಾನವನ್ನು ಬರೆದರೆ ಸಾಕು: ಏನು ಮಾಡಿದೆ, ಆ ಕ್ಷಣದಲ್ಲಿ ಏಕೆ ಹಾಗೆ ಮಾಡಿದೆ, ಮಗು ಏನು ಮಾಡಿತು. ನನ್ನ ಅಭಿಪ್ರಾಯದಲ್ಲಿ ಮೂರನೆಯದೇ ಅತ್ಯಂತ ಮುಖ್ಯ, ಎಲ್ಲರೂ ಬಿಟ್ಟುಬಿಡುವುದೂ ಅದನ್ನೇ.

ಬಾಗೇಪಲ್ಲಿ ಕಡೆಯ ಒಂದು ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಬರೆಯಬಹುದಾದ ನಮೂದನ್ನು ಊಹಿಸಿಕೊಳ್ಳಿ. ಮೊದಲ ಬರಹದಲ್ಲಿ ‘ಕನ್ನಡ ಮಾಧ್ಯಮದ ತರಗತಿಯಲ್ಲಿ ಕನ್ನಡವನ್ನು ಮಾತ್ರ ಬಳಸುತ್ತೇನೆ’ ಎಂದಿದೆ. ಆವಿಯಾಗುವಿಕೆಯ ಪಾಠದಲ್ಲಿ ಒಬ್ಬ ಹುಡುಗಿ ಕನ್ನಡದಲ್ಲಿ ಕೇಳಿದ ಪ್ರಶ್ನೆಗೆ ತಲೆ ತಗ್ಗಿಸಿ ನಿಂತಳು. ಪಕ್ಕದವಳು ಅದನ್ನೇ ತೆಲುಗಿನಲ್ಲಿ ಕೇಳಿದಾಗ, ಗಾಳಿ ಬೀಸುವ ದಿನ ಬಟ್ಟೆ ಬೇಗ ಒಣಗುವುದನ್ನು ತಡೆಯಿಲ್ಲದೆ ವಿವರಿಸಿದಳು. ಇಲ್ಲಿ ‘ಮಕ್ಕಳಿಗೆ ಕನ್ನಡ ಬರುವುದಿಲ್ಲ’ ಎಂದು ಬರೆದರೆ ನಮೂದು ಹಾಳಾದಂತೆ. ‘ನನ್ನ ಪ್ರಶ್ನೆ ವಿಜ್ಞಾನವನ್ನು ಪರೀಕ್ಷಿಸಿತೋ ಭಾಷೆಯನ್ನು ಪರೀಕ್ಷಿಸಿತೋ’ ಎಂದು ಬರೆದರೆ ತತ್ತ್ವ ತಿದ್ದಲು ಆಧಾರ ಸಿಕ್ಕಿತು. ಗಡಿಭಾಗದ ಬಾಗೇಪಲ್ಲಿ, ಚಿಂತಾಮಣಿ, ಶ್ರೀನಿವಾಸಪುರ, ಮುಳಬಾಗಿಲು, ಅತ್ತ ಪಾವಗಡ, ಎಲ್ಲ ಕಡೆಯೂ ಇಂಥ ನಮೂದುಗಳು ಬರುತ್ತವೆ. ಕೆಜಿಎಫ್ ಸುತ್ತ ತೆಲುಗಿನ ಜೊತೆಗೆ ತಮಿಳೂ ಸೇರುತ್ತದೆ.

ಇನ್ನೊಂದು ಬಗೆಯ ನಮೂದು ಶಿಡ್ಲಘಟ್ಟದ ಕಡೆಯದು. ಚಿಟ್ಟೆ ಅಥವಾ ರೇಷ್ಮೆ ಹುಳುವಿನ ಜೀವನಚಕ್ರವನ್ನು ಮೊಟ್ಟೆ, ಲಾರ್ವಾ, ಪ್ಯೂಪಾ, ಪತಂಗ ಎಂದು ಚಾರ್ಟ್ ತೂಗುಹಾಕಿ ಹೇಳಿಕೊಡುವ ಪ್ರಶಿಕ್ಷಣಾರ್ಥಿಯ ಎದುರಿಗೆ, ಹುಳು ನಾಲ್ಕು ಸಲ ಪೊರೆ ಬಿಡುವುದನ್ನೂ, ಪ್ರತಿ ಸಲ ಅದಕ್ಕೆ ಮುನ್ನ ಸೊಪ್ಪು ತಿನ್ನುವುದನ್ನು ನಿಲ್ಲಿಸಿ ‘ಜ್ವರ’ಕ್ಕೆ ಕೂರುವುದನ್ನೂ, ಹಣ್ಣಾದ ಹುಳುವನ್ನು ಗೂಡು ಕಟ್ಟಲೆಂದು ಬಿದಿರಿನ ಚಂದ್ರಿಕೆಗೆ ಬಿಡುವುದನ್ನೂ ಮನೆಯಲ್ಲೇ ಕಂಡ ಮಕ್ಕಳು ಕುಳಿತಿರುತ್ತಾರೆ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಶಾಲೆಯ ಜ್ಞಾನವನ್ನು ಹೊರಗಿನ ಬದುಕಿಗೆ ಜೋಡಿಸಬೇಕೆಂದು ಹೇಳುತ್ತದೆ, ಅದನ್ನು ಪರೀಕ್ಷೆಗೆ ಎಲ್ಲರೂ ಓದಿರುತ್ತಾರೆ. ಆದರೆ ಆ ಹೊತ್ತಿನಲ್ಲಿ ಚಾರ್ಟ್ ಬದಿಗಿಟ್ಟು ಮಕ್ಕಳಿಂದ ಕೇಳಿಸಿಕೊಂಡಿರೋ, ಅಥವಾ ಅವಲೋಕನಕ್ಕೆ ಉಪನ್ಯಾಸಕರು ಹಿಂದೆ ಕುಳಿತಿದ್ದಾರೆಂದು ಪಾಠಯೋಜನೆಯ ಹಂತಗಳನ್ನೇ ಹಿಡಿದು ನಡೆದಿರೋ ಎಂಬುದನ್ನು ನೋಟ್‌ಬುಕ್ ಮಾತ್ರ ಹೇಳಬಲ್ಲದು. ಅಮೆರಿಕದ ವಿದ್ವಾಂಸರಾದ ಕ್ರಿಸ್ ಆರ್ಗಿರಿಸ್ ಮತ್ತು ಡೊನಾಲ್ಡ್ ಶಾನ್ 1974ರಲ್ಲಿ, ಜನ ತಾವು ನಂಬುತ್ತೇವೆಂದು ಹೇಳುವ ಸಿದ್ಧಾಂತವೂ ಅವರ ನಡೆಯಲ್ಲಿ ಕಾಣುವ ಸಿದ್ಧಾಂತವೂ ಬೇರೆಬೇರೆಯಾಗಿರಬಹುದೆಂದು ವಾದಿಸಿದ್ದರು. ದಿನಚರಿಯ ಕೆಲಸ ಎರಡನೆಯದನ್ನು ಹಿಡಿದುಕೊಡುವುದು.

ಇದಕ್ಕೆ ಜೊತೆಗಾರರ ನೆರವನ್ನೂ ಪಡೆಯಬೇಕು. ಅದೇ ಶಾಲೆಗೆ ನಿಯೋಜಿತರಾದ ಇನ್ನೊಬ್ಬ ಪ್ರಶಿಕ್ಷಣಾರ್ಥಿಯನ್ನು ನಿಮ್ಮ ತರಗತಿಯಲ್ಲಿ ಕೂರಿಸಿ, ನಿಮ್ಮ ಬರಹವನ್ನು ತೋರಿಸದೆ, ‘ಈ ಪಾಠವನ್ನು ನೋಡಿದರೆ ನಾನು ಏನನ್ನು ನಂಬಿದ್ದೇನೆಂದು ತೋರುತ್ತದೆ?’ ಎಂದು ಮೂರು ವಾಕ್ಯ ಬರೆಯಿಸಿಕೊಳ್ಳಿ. ಎಣಿಸಬಹುದಾದುದನ್ನು ಎಣಿಸಲು ಹೇಳಿ. ಎಚ್. ನರಸಿಂಹಯ್ಯನವರ ಹೆಸರು ಬರೆದು ಪ್ರಶ್ನಿಸುವ ಮನೋಭಾವವೇ ಶಿಕ್ಷಣ ಎಂದವರು, ತಮ್ಮ 40 ನಿಮಿಷದ ಅವಧಿಯಲ್ಲಿ ತಾವು ಎಷ್ಟು ಪ್ರಶ್ನೆ ಕೇಳಿದೆವು, ಮಕ್ಕಳು ಎಷ್ಟು ಕೇಳಿದರು ಎಂಬ ಎರಡು ಸಂಖ್ಯೆಗಳನ್ನು ಅಕ್ಕಪಕ್ಕದಲ್ಲಿ ಇಟ್ಟು ನೋಡಬೇಕು. ‘ಮೇಡಂ, ಇದನ್ನು ಬರೆದುಕೊಳ್ಳಬೇಕಾ?’ ಎಂಬುದನ್ನು ಮಕ್ಕಳ ಪ್ರಶ್ನೆಯ ಲೆಕ್ಕಕ್ಕೆ ಸೇರಿಸಬಾರದು.

ಕಲಿಕೆಯಿಂದಲೋ, ದಣಿವಿನಿಂದಲೋ

ಇಡೀ ಕೆಲಸದಲ್ಲಿ ಕಷ್ಟವಾದದ್ದು ಇದು. ಶಿಕ್ಷಕರ ತರಬೇತಿಯ ಬಗ್ಗೆ ಬರೆಯುವವರು ಬದಲಾವಣೆಯನ್ನೆಲ್ಲ ಬೆಳವಣಿಗೆಯೆಂದೇ ಕರೆಯುವುದು ನನಗೆ ಒಪ್ಪಿಗೆಯಿಲ್ಲ. ಅಮೆರಿಕದ ಶಿಕ್ಷಣ ಸಂಶೋಧಕಿ ಫ್ರಾನ್ಸಿಸ್ ಫುಲ್ಲರ್ 1969ರಲ್ಲಿ ಹೊಸ ಶಿಕ್ಷಕರ ಕಾಳಜಿಗಳ ಬಗ್ಗೆ ಬರೆದುದು, ಅದರ ಮುಂದುವರಿಕೆಯಾಗಿ ಬೆಳೆದ ಮಾದರಿ, ಇವು ಹೇಳುವಂತೆ, ಶಿಕ್ಷಕರ ಗಮನ ಮೊದಲು ತಮ್ಮ ಮೇಲೆ, ಆಮೇಲೆ ಪಾಠದ ಕೆಲಸದ ಮೇಲೆ, ಕಡೆಗೆ ಮಕ್ಕಳ ಕಲಿಕೆಯ ಮೇಲೆ ನಿಲ್ಲುತ್ತದೆ. ಎಲ್ಲರೂ ಇದೇ ಕ್ರಮದಲ್ಲಿ ಸಾಗುತ್ತಾರೆಂದೇನೂ ಇಲ್ಲ. ಆದರೂ ದಿನಚರಿಯನ್ನು ಓದುವಾಗ ಇದೊಂದು ಸರಳ ಅಳತೆಗೋಲು: ವಾಕ್ಯಗಳ ಕರ್ತೃ ಯಾರು ಎಂದು ನೋಡಿ. ಮೊದಲ ವಾರಗಳಲ್ಲಿ ‘ನಾನು ತಡವರಿಸಿದೆ’, ‘ನನ್ನ ಮಾತು ಕೇಳಲಿಲ್ಲ’ ಎಂದಿರುವುದು ಸಹಜ. ಕಡೆಯ ವಾರಗಳಲ್ಲೂ ಮಗುವಿನ ಹೆಸರೇ ಇಲ್ಲದಿದ್ದರೆ, ತತ್ತ್ವವನ್ನು ತಿದ್ದುವ ಮೊದಲು ನೋಡುವ ರೀತಿಯನ್ನು ಬದಲಿಸಿಕೊಳ್ಳಬೇಕು.

ಬೆತ್ತದ ವಿಷಯವನ್ನೇ ತೆಗೆದುಕೊಳ್ಳಿ. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಪ್ರಕರಣವು ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ. ಆದ್ದರಿಂದ ‘ಸ್ವಲ್ಪ ಹೊಡೆದರೆ ತಪ್ಪಿಲ್ಲ’ ಎಂಬುದು ಯಾರ ವೈಯಕ್ತಿಕ ತತ್ತ್ವವಾಗಲೂ ಅವಕಾಶವಿಲ್ಲ. ಹಾಗಿದ್ದೂ ಗದ್ದಲದ ತರಗತಿಯಿಂದ ಹೊರಬಂದ ಸಂಜೆ ಆ ಯೋಚನೆ ಬರುತ್ತದೆ, ಬಂದರೆ ಅದನ್ನು ಪ್ರಾಮಾಣಿಕವಾಗಿ ಬರೆದಿಡಿ. ಆದರೆ ಅದೇ ವಾರ ತತ್ತ್ವದ ಪುಟವನ್ನು ತೆರೆಯಬೇಡಿ. ಎರಡು ವಾರ ಕಳೆದು, ಆ ನಮೂದಿನ ಎದುರು ಕೂತು ನಿಮ್ಮನ್ನೇ ವಿಚಾರಿಸಿಕೊಳ್ಳಿ: ಈ ಹೊಸ ಅಭಿಪ್ರಾಯ ಯಾವ ಮಗುವನ್ನು ಗಮನಿಸಿದ್ದರಿಂದ ಬಂದಿತು? ಮಗು ಕಲಿತುದಕ್ಕೆ ಅಥವಾ ಕಲಿಯದಿದ್ದುದಕ್ಕೆ ನಾನು ಕಂಡ ಗುರುತು ಏನು? ಹಿಂದಿನ ರಾತ್ರಿ ನಿದ್ದೆ ಸರಿಯಾಗಿದ್ದ, ಪಾಠಯೋಜನೆ ಸಿದ್ಧವಾಗಿದ್ದ ದಿನವೂ ಇದು ನಿಜವೆನಿಸುತ್ತದೆಯೆ? ಕೊನೆಯ ಪ್ರಶ್ನೆಗೆ ‘ಇಲ್ಲ’ ಎಂಬ ಉತ್ತರ ಬಂದರೆ ಅದು ದಣಿವಿನ ಮಾತು, ತಿದ್ದುಪಡಿಗೆ ಯೋಗ್ಯವಲ್ಲ.

ಇದಕ್ಕೆ ತದ್ವಿರುದ್ಧವಾದುದೂ ಉಂಟು. ಮೇಲ್ನೋಟಕ್ಕೆ ಆದರ್ಶದಿಂದ ಹಿಂದೆ ಸರಿದಂತೆ ಕಾಣುವ ಬದಲಾವಣೆ ನಿಜವಾದ ಕಲಿಕೆಯಾಗಿರಬಹುದು. ಮಕ್ಕಳು ತಾವಾಗಿ ಕಲಿಯಬೇಕು, ಶಿಕ್ಷಕರು ಹಿಂದೆ ಸರಿಯಬೇಕು ಎಂದು ಬರೆದಿದ್ದ ಪ್ರಶಿಕ್ಷಣಾರ್ಥಿ, ಸರ್ಕಾರಿ ಶಾಲೆಗಳ ಕೆಳ ತರಗತಿಗಳಲ್ಲಿ ಚಟುವಟಿಕೆಯ ಮೂಲಕ ಕಲಿಸುವ ನಲಿ-ಕಲಿ ಪದ್ಧತಿಯ ತರಗತಿಯಲ್ಲಿ ಒಂದು ವಾರ ಕುಳಿತರೆ, ಅಲ್ಲಿ ಮಕ್ಕಳ ಐದು ಗುಂಪುಗಳು ಸಂಪೂರ್ಣ ಶಿಕ್ಷಕರ ಬೆಂಬಲದಿಂದ ಹಿಡಿದು ಸಹಪಾಠಿಗಳ ಬೆಂಬಲದವರೆಗೆ, ಅಲ್ಲಿಂದ ಸ್ವಕಲಿಕೆಯವರೆಗೆ ಹಂತಹಂತವಾಗಿ ಜೋಡಣೆಯಾಗಿರುವುದನ್ನು ಕಾಣುತ್ತಾರೆ. ಸ್ವಾತಂತ್ರ್ಯದ ಹಿಂದೆ ಕಾರ್ಡು, ಮೆಟ್ಟಿಲು, ಮೈಲಿಗಲ್ಲುಗಳ ಬಿಗಿಯಾದ ಸಿದ್ಧತೆಯಿದೆ. ಅದನ್ನು ಕಂಡು ‘ನಾನು ಯಾವ ಮಗುವಿನ ಬಳಿಯಿಂದ ಯಾವಾಗ ಸರಿಯಬೇಕೆಂಬುದನ್ನು ಮೊದಲೇ ನಿರ್ಧರಿಸಿಕೊಳ್ಳಬೇಕು’ ಎಂದು ತಿದ್ದಿದರೆ ಅದು ಹಿನ್ನಡೆಯಲ್ಲ. ಅಂದಹಾಗೆ, ಈ ಪದ್ಧತಿಗೆ ಪ್ರೇರಣೆಯಾದ ರಿಷಿವ್ಯಾಲಿ ಶಾಲೆ ಇರುವುದು ಚಿಂತಾಮಣಿಯಿಂದ ದೂರವಲ್ಲದ, ಆಂಧ್ರದ ಮದನಪಲ್ಲಿಯ ಬಳಿ. 1990ರ ದಶಕದ ಮಧ್ಯದಲ್ಲಿ ಅಲ್ಲಿನ ಪದ್ಧತಿ ಹೆಗ್ಗಡದೇವನಕೋಟೆಯ ಶಿಕ್ಷಕರ ಕೈಯಲ್ಲಿ ಕನ್ನಡದ ರೂಪ ಪಡೆದು, ರಾಜ್ಯವೆಲ್ಲ ಹಬ್ಬಿ, ಗಡಿಯ ಈಚೆಗಿನ ನಮ್ಮ ಹಳ್ಳಿಗಳಿಗೆ ಸುತ್ತು ದಾರಿಯಿಂದ ಬಂದಿತು.

ತಿದ್ದುವ ವಿಧಾನ

ಮೊದಲ ತಿದ್ದುಪಡಿಯನ್ನು 4 ವಾರಗಳ ಶಾಲಾ ಅನುಭವ ಮುಗಿದ ಮೇಲೆ, ಎರಡನೆಯದನ್ನು 16 ವಾರಗಳ ನಡುವೆ, ಮೂರನೆಯದನ್ನು ಕೋರ್ಸಿನ ಕೊನೆಯಲ್ಲಿ ಮಾಡಿದರೆ ಸಾಕಾಗುತ್ತದೆ. ಪದೇಪದೇ ತಿದ್ದಿದರೆ ಬರಹವು ಆಯಾ ದಿನದ ಮನಃಸ್ಥಿತಿಯ ಪಟ್ಟಿಯಾಗುತ್ತದೆ. ಹಳೆಯ ವಾಕ್ಯವನ್ನು ಅಳಿಸದೆ, ಓದಲು ಬರುವಂತೆ ಒಂದು ಗೆರೆ ಎಳೆದು, ಪಕ್ಕದಲ್ಲಿ ಹೊಸ ವಾಕ್ಯವನ್ನೂ ತಾರೀಖನ್ನೂ ಬರೆಯಿರಿ. ಯಾವ ನಮೂದಿನ ಆಧಾರದಿಂದ ತಿದ್ದಿದಿರಿ ಎಂಬುದನ್ನು ಅದರ ಪುಟಸಂಖ್ಯೆಯೊಂದಿಗೆ ಸೂಚಿಸಿ. ಆಧಾರ ತೋರಿಸಲಾಗದ ತಿದ್ದುಪಡಿಯನ್ನು ಪೆನ್ಸಿಲಿನಲ್ಲಿ ಬರೆದು ಮುಂದಿನ ಸರದಿಯವರೆಗೆ ಕಾಯಿರಿ. ಕಂಪ್ಯೂಟರಿನಲ್ಲಿ ಬರೆಯುವವರು ಪ್ರತಿ ಆವೃತ್ತಿಯನ್ನೂ ಬೇರೆ ಕಡತವಾಗಿ ಉಳಿಸಬೇಕು.

ಬದಲಾಗದೆ ಉಳಿದ ವಾಕ್ಯಗಳನ್ನೂ ಗಮನಿಸಿ. ಅವು ತರಗತಿಯಲ್ಲಿ ಗಟ್ಟಿಯಾಗಿ ನಿಂತಿದ್ದರಿಂದ ಉಳಿದವೋ, ಅವನ್ನು ಪರೀಕ್ಷಿಸುವ ಸಂದರ್ಭವೇ ಬರಲಿಲ್ಲವೋ ಎಂದು ಪಕ್ಕದಲ್ಲಿ ಗುರುತು ಹಾಕಿ. ವಿಶೇಷ ಅಗತ್ಯವುಳ್ಳ ಮಕ್ಕಳ ಬಗೆಗಿನ ವಾಕ್ಯಗಳು ಬಹಳ ಮಂದಿಯಲ್ಲಿ ಈ ಎರಡನೆಯ ಗುಂಪಿಗೆ ಸೇರುತ್ತವೆ.

ತಿದ್ದುವುದನ್ನು ಸೋಲೆಂದು ಭಾವಿಸುವವರು ಅಮೆರಿಕದ ತತ್ತ್ವಜ್ಞಾನಿ ಜಾನ್ ಡ್ಯೂಯಿಯನ್ನು ನೆನೆಯಬಹುದು. 1897ರಲ್ಲಿ ತಮ್ಮ ಶಿಕ್ಷಣ ನಂಬಿಕೆಗಳನ್ನು ‘ನಾನು ನಂಬುತ್ತೇನೆ’ ಎಂಬ ಸಾಲುಗಳಾಗಿ ಪ್ರಕಟಿಸಿದ್ದ ಅವರು, ನಾಲ್ಕು ದಶಕಗಳ ತರುವಾಯ, 1938ರಲ್ಲಿ, ಪ್ರಗತಿಪರವೆನಿಸಿಕೊಂಡ ಶಾಲೆಗಳ ಅತಿರೇಕಗಳನ್ನು ಕಂಡು, ಎಲ್ಲ ಅನುಭವವೂ ಸಮಾನವಾಗಿ ಶಿಕ್ಷಣವಾಗುವುದಿಲ್ಲವೆಂದು ಸ್ಪಷ್ಟಪಡಿಸಿದರು. ಅನುಭವದ ಮೇಲಿನ ನಂಬಿಕೆಯನ್ನು ಅವರು ಬಿಡಲಿಲ್ಲ, ಅದಕ್ಕೆ ಷರತ್ತುಗಳನ್ನು ಸೇರಿಸಿದರು. ಪ್ರಶಿಕ್ಷಣಾರ್ಥಿಗಳ ಒಳ್ಳೆಯ ತಿದ್ದುಪಡಿಗಳೂ ಹೆಚ್ಚಾಗಿ ಹೀಗೆಯೇ ಇರುತ್ತವೆ: ‘ಗುಂಪು ಚಟುವಟಿಕೆಯಿಂದ ಮಕ್ಕಳು ಕಲಿಯುತ್ತಾರೆ’ ಎಂಬುದು ‘ಗುಂಪಿನಲ್ಲಿ ಪ್ರತಿಯೊಬ್ಬರಿಗೂ ಬೇರೆ ಕೆಲಸವಿದ್ದಾಗ ಕಲಿಯುತ್ತಾರೆ’ ಎಂದಾಗುತ್ತದೆ.

ಕೆಲಸಕ್ಕೆ ಸೇರಿದ ಮೇಲೆ

ನೌಕರಿ ಸಿಕ್ಕ ನಂತರ ವರ್ಷಕ್ಕೊಂದು ತಿದ್ದುಪಡಿ ಸಾಕು, ಅದಕ್ಕೆ ಬೇಸಿಗೆ ರಜೆಯೇ ತಕ್ಕ ಕಾಲ. ಆದರೆ ಈಗ ಹೊಸದೊಂದು ತೊಡಕು ಸೇರಿಕೊಳ್ಳುತ್ತದೆ. ತರಬೇತಿಯಲ್ಲಿದ್ದಾಗ ತರಗತಿಯ ತೀರ್ಮಾನಗಳು ಬಹುಪಾಲು ನಿಮ್ಮವೇ ಆಗಿದ್ದವು. ಪ್ರೌಢಶಾಲೆಗೆ ಬಂದರೆ ಎಸ್‌ಎಸ್‌ಎಲ್‌ಸಿ ಫಲಿತಾಂಶದ ಒತ್ತಡದಲ್ಲಿ ವಿಶೇಷ ತರಗತಿ, ಮಾದರಿ ಪ್ರಶ್ನೆಪತ್ರಿಕೆ, ಉತ್ತರಗಳ ಕಂಠಪಾಠ ಇವೆಲ್ಲ ಮೇಲಿನ ಸೂಚನೆಯಂತೆ ನಡೆಯುತ್ತವೆ. ಹೀಗೆ ಮಾಡಬೇಕಾಗಿ ಬಂದುದನ್ನು ಕೆಲವು ವರ್ಷಗಳಲ್ಲಿ ತಮ್ಮದೇ ನಂಬಿಕೆಯೆಂದು ತಿಳಿದುಬಿಡುವ ಶಿಕ್ಷಕರು ಕಡಿಮೆಯೇನಿಲ್ಲ. ಆದ್ದರಿಂದ ಪ್ರತಿ ನಮೂದಿನ ಅಂಚಿನಲ್ಲಿ ಅದು ಯಾರ ತೀರ್ಮಾನ ಎಂಬುದನ್ನೂ ಬರೆಯಿರಿ: ನನ್ನದು, ಮುಖ್ಯ ಶಿಕ್ಷಕರದು, ಇಲಾಖೆಯದು, ಪೋಷಕರದು. ತತ್ತ್ವವನ್ನು ತಿದ್ದಲು ಕೂತಾಗ ‘ನನ್ನದು’ ಎಂದಿರುವ ನಮೂದುಗಳನ್ನು ಮಾತ್ರ ಆಧಾರವಾಗಿ ಇಟ್ಟುಕೊಳ್ಳಿ. ಉಳಿದವುಗಳಲ್ಲಿ ಯಾವುದನ್ನು ಮುಂದಿನ ಶಿಕ್ಷಕರ ಸಭೆಯಲ್ಲಿ ಮಾತನಾಡಬೇಕೆಂಬುದನ್ನು ಬೇರೊಂದು ಪುಟಕ್ಕೆ ಎತ್ತಿ ಬರೆದುಕೊಳ್ಳಿ.