ಭಾರದ ಕಪಾಟು ತೂಗುಹಾಕುವ ಮುನ್ನ ಗೋಡೆ ಪರೀಕ್ಷಿಸಿ

ಗೋಡೆಯ ಕಪಾಟು ಕಳಚಿ ಬಿದ್ದಲ್ಲಿ ಹೋಗಿ ನೋಡಿದರೆ ಹೆಚ್ಚಾಗಿ ಸ್ಕ್ರೂ ನೆಟ್ಟಗೇ ಇರುತ್ತದೆ. ಸುತ್ತಲಿನ ಗಾರೆ ಪುಡಿಯಾಗಿ, ಸ್ಕ್ರೂ ಹಿಡಿಯಲೆಂದು ತೂತಿಗೆ ತೂರಿಸಿದ ಪ್ಲಗ್ ಸಮೇತ ಕಿತ್ತು ಬಂದಿರುತ್ತದೆ, ಇಲ್ಲವೇ ಕಪಾಟಿನ ತೆಳು ಹಿಂಬದಿ ಹಲಗೆ ಸ್ಕ್ರೂ ತಲೆಗೆ ಸಿಕ್ಕಿ ಹರಿದಿರುತ್ತದೆ. ಹಾಗಾಗಿ ದಪ್ಪ ಸ್ಕ್ರೂ ತಂದ ಮಾತ್ರಕ್ಕೆ ಕಪಾಟು ಭದ್ರವಾಗುವುದಿಲ್ಲ.

ಮೊದಲು ತೂಕ ಲೆಕ್ಕ ಹಾಕಿ. 18 ಮಿ.ಮೀ. ಪ್ಲೈವುಡ್ ಚದರ ಮೀಟರಿಗೆ ಸುಮಾರು 12 ಕೆ.ಜಿ. ತೂಗುತ್ತದೆ. 90 ಸೆಂ.ಮೀ. ಅಗಲ, 60 ಎತ್ತರ, 30 ಆಳದ ಕಪಾಟು ಬಾಗಿಲು ಸೇರಿ ಖಾಲಿಯಿದ್ದಾಗಲೇ 20 ಕೆ.ಜಿ. ದಾಟುತ್ತದೆ, ಪಿಂಗಾಣಿ ತುಂಬಿದರೆ 60 ಮುಟ್ಟುವುದು ಕಷ್ಟವಲ್ಲ. ಈ ಭಾರ ಕೆಳಕ್ಕೆ ಜಗ್ಗುವುದರ ಜೊತೆಗೆ ಮೇಲಂಚನ್ನು ಮುಂದಕ್ಕೂ ಎಳೆಯುತ್ತದೆ. ಭಾರದ ನಡುಬಿಂದು ಗೋಡೆಯಿಂದ 15 ಸೆಂ.ಮೀ. ದೂರದಲ್ಲಿದ್ದರೆ 60 (ತೂಕ) × 15 (ದೂರ) ÷ 60 (ಎತ್ತರ), ಅಂದರೆ 15 ಕೆ.ಜಿ. ಸೆಳೆತ ಮೇಲಿನ ಸಾಲಿನ ಸ್ಕ್ರೂಗಳ ಮೇಲೆ. ಅದೇ ತೂಕದ ಕಪಾಟು 30 ಸೆಂ.ಮೀ. ಎತ್ತರದ್ದಾದರೆ ಸೆಳೆತ 30 ಕೆ.ಜಿ. ಗಿಡ್ಡ, ಆಳವಾದ ಕಪಾಟೇ ಹೆಚ್ಚು ಅಪಾಯಕಾರಿ.

ಇನ್ನು ಗೋಡೆ. ಕಪಾಟಿನ ಹಿಂದೆ ಮರೆಯಾಗುವ ಜಾಗದಲ್ಲಿ 6 ಮಿ.ಮೀ. ತೂತು ಕೊರೆದು ಪುಡಿ ನೋಡಿ. ಸ್ವಿಚ್‌ಬೋರ್ಡ್, ನಲ್ಲಿಗಳ ನೇರಕ್ಕೆ ಮೇಲೆ, ಕೆಳಗೆ, ಪಕ್ಕದಲ್ಲಿ ಕೊರೆಯಲೇಬೇಡಿ; ಒಳಗೆ ವೈರ್, ಪೈಪ್ ಇರಬಹುದು.

ಗಾರೆಯ ನಂತರ ಕೆಂಪು ಪುಡಿ ಬಂದರೆ ಇಟ್ಟಿಗೆ. 10 ಮಿ.ಮೀ. ದಪ್ಪದ ಉದ್ದನೆಯ ನೈಲಾನ್ ಪ್ಲಗ್ ಸಾಕು, ಆದರೆ ಅದು ಹಿಡಿಯಬೇಕಾದದ್ದು ಇಟ್ಟಿಗೆಯ ನಡುಭಾಗದಲ್ಲಿ, ಸಂದಿನಲ್ಲಲ್ಲ. ಗಾರೆಯೊಳಗಿನ ಉದ್ದವನ್ನು ಲೆಕ್ಕಕ್ಕೆ ಹಿಡಿಯಬೇಡಿ. ಬೂದು ಪುಡಿ ಬರುತ್ತಾ ಬಿಟ್ ಗಟ್ಟಿಯಾಗಿ ತಡೆದರೆ ಕಾಂಕ್ರೀಟ್. ಅಲ್ಲಿ ಬಿಗಿದಾಗ ಹಿಗ್ಗಿ ಕಚ್ಚಿಕೊಳ್ಳುವ ಆ್ಯಂಕರ್ ಬೋಲ್ಟ್ ಹಾಕಿ. ಇದನ್ನೇ ಇಟ್ಟಿಗೆಯ ಅಂಚಿಗೆ ಹಾಕಿದರೆ ಹಿಗ್ಗಿ ಇಟ್ಟಿಗೆಯನ್ನೇ ಸೀಳುತ್ತದೆ. ಬಿಟ್ ದಿಢೀರನೆ ಒಳಗೆ ಜಾರಿದರೆ ಟೊಳ್ಳು ಬ್ಲಾಕ್. ಡ್ರಿಲ್‌ನ ಹ್ಯಾಮರ್ ಆಫ್ ಮಾಡಿ ಕೊರೆದು, ತೂತಿಗೆ ಕೂರಿಸಿದ ಜಾಲರಿ ಕೊಳವೆಯೊಳಗೆ ಕೆಮಿಕಲ್ ಆ್ಯಂಕರ್ (ಬೋಲ್ಟನ್ನು ಹಿಡಿದು ಗಟ್ಟಿಯಾಗುವ ಅಂಟು) ತುಂಬುವುದೇ ಇಲ್ಲಿ ಭರವಸೆಯ ದಾರಿ. ಜಿಪ್ಸಂ ಬೋರ್ಡ್ ಆದರೆ ಹಿಂದಿನ ಚೌಕಟ್ಟಿನ ಕಂಬಗಳಿಗೇ ಸ್ಕ್ರೂ ತಾಗಬೇಕು. ಬರೀ ಬೋರ್ಡನ್ನು ನಂಬಬೇಡಿ.

ಎಲ್ಲ ತೂತುಗಳೂ ಪ್ಲಗ್‌ಗಿಂತ 10 ಮಿ.ಮೀ. ಆಳವಿರಲಿ. ಒಳಗಿನ ಪುಡಿಯನ್ನು ಊದಿ, ಬ್ರಷ್‌ನಿಂದ ಉಜ್ಜಿ, ಮತ್ತೆ ಊದಿ ತೆಗೆಯಿರಿ. ಪುಡಿ ಉಳಿದರೆ ಕೆಮಿಕಲ್ ಅಂಟುವುದು ಪುಡಿಗೇ ಹೊರತು ಗೋಡೆಗಲ್ಲ.

ಕಪಾಟನ್ನು ನೇರವಾಗಿ ಗೋಡೆಗೆ ಬಿಗಿಯುವುದಕ್ಕಿಂತ ಫ್ರೆಂಚ್ ಕ್ಲೀಟ್, ಅಂದರೆ ಒಂದಕ್ಕೊಂದು ಸಿಕ್ಕಿಕೊಳ್ಳುವ ಎರಡು ಓರೆ ಪಟ್ಟಿಗಳು, ಮೇಲು. 18 ಮಿ.ಮೀ. ಪ್ಲೈವುಡ್ ಪಟ್ಟಿಯನ್ನು ಉದ್ದಕ್ಕೂ 45 ಡಿಗ್ರಿ ಓರೆಯಾಗಿ ಸೀಳಿ, ಒಂದನ್ನು ರಸಮಟ್ಟ ಇಟ್ಟು ಗೋಡೆಗೂ ಇನ್ನೊಂದನ್ನು ಕಪಾಟಿನ ಮೇಲ್ಭಾಗದ ಹಿಂದಕ್ಕೂ ಕೂರಿಸಿ. ಕಪಾಟಿನ ಸ್ಕ್ರೂ ಹಿಂಬದಿ ಹಲಗೆಯಲ್ಲಿ ನಿಲ್ಲದೆ ಪಕ್ಕದ ದಪ್ಪ ಹಲಗೆಗಳನ್ನು ಹಿಡಿಯಬೇಕು. ಕೆಳಗೂ ಅಷ್ಟೇ ದಪ್ಪದ ಪಟ್ಟಿ ಕೊಡಿ, ಇಲ್ಲದಿದ್ದರೆ ಕಪಾಟು ಒಳಕ್ಕೆ ವಾಲುತ್ತದೆ. ತೂಗಿಸಿದ ಮೇಲೆ ಮೇಲೆದ್ದು ಕಳಚದಂತೆ ಒಂದು ಸ್ಕ್ರೂ ಹಾಕಿ.

ಸಾಮಾನು ತುಂಬಿ ವಾರದ ಬಳಿಕ ಮೇಲಂಚು ನೋಡಿ. ಕೂದಲೆಳೆಯಷ್ಟು ಹೊಸ ಸಂದು ಕಂಡರೂ ಎಲ್ಲವನ್ನೂ ಇಳಿಸಿ. ಒಮ್ಮೆ ಜಾರಿದ ಪ್ಲಗ್ ಎಷ್ಟು ಬಿಗಿದರೂ ಮತ್ತೆ ಹಿಡಿಯುವುದಿಲ್ಲ. ಬೇರೆ ಕಡೆ ಹೊಸ ತೂತು ಕೊರೆಯಬೇಕು.